ಸಿಕ್ಲಿಡ್ ಮರಿಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು? ಮೊಟ್ಟೆಚುಕ್ಕೆಯನ್ನು ನಂಬಬಹುದೇ?

ಗಾಜಿನಮನೆ:

ಎಲ್ಲರಿಗೂ ನಮಸ್ಕಾರ. 300 ಲೀಟರಿನ ಟ್ಯಾಂಕಿನಲ್ಲಿ ಆಫ್ರಿಕದ ಸಿಕ್ಲಿಡ್ ಮೀನುಗಳಾದ ಯೆಲ್ಲೊ ಲ್ಯಾಬ್ ಮರಿಗಳನ್ನೂ ಪೀಕಾಕ್ ಮರಿಗಳನ್ನೂ ಒಟ್ಟಿಗೆ ಬೆಳೆಸುತ್ತಿದ್ದೇನೆ. ಹೆಚ್ಚಿನವು 4ರಿಂದ 5 ಸೆಂಟಿಮೀಟರ್ ಆಗಿವೆ. ಲ್ಯಾಬ್‌ಗಳೆಲ್ಲ ಒಂದೇ ಹಳದಿ, ಪೀಕಾಕ್‌ಗಳೆಲ್ಲ ಒಂದೇ ಬೂದು. ಪೀಕಾಕ್‌ಗಳಲ್ಲಿ ಒಂದಕ್ಕೆ ಮಾತ್ರ ಕೆನ್ನೆಯ ಬಳಿ ನೀಲಿ ಛಾಯೆ ಇಣುಕುತ್ತಿದೆ. ಅದೂ ಒಮ್ಮೆ ಕಾಣುತ್ತದೆ, ಇನ್ನೊಮ್ಮೆ ನೋಡಿದರೆ ಮಾಯ.

ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಲಿ, ಗಂಡು ಹೆಚ್ಚಾದರೆ ಕಾದಾಡಿ ಸಾಯುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಸರಿ, ಆದರೆ ಗಂಡು ಯಾವುದೆಂದು ತಿಳಿದರೆ ತಾನೇ ಲೆಕ್ಕ ಹಾಕುವುದು? ಗುದದ ಈಜುರೆಕ್ಕೆಯ (ಹೊಟ್ಟೆಯ ಕೆಳಗೆ, ಬಾಲದ ಕಡೆಗಿರುವ ರೆಕ್ಕೆ) ಮೇಲೆ ಮೊಟ್ಟೆಯಂತೆ ಕಾಣುವ ಹಳದಿ ಚುಕ್ಕೆ, ಅಂದರೆ ಮೊಟ್ಟೆಚುಕ್ಕೆ, ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು ಎಂದು ಒಬ್ಬರು ಹೇಳಿದರು. ಆ ಲೆಕ್ಕದಲ್ಲಿ ನನ್ನ ಲ್ಯಾಬ್‌ಗಳಲ್ಲಿ ಒಂದನ್ನು ಬಿಟ್ಟು ಮಿಕ್ಕವೆಲ್ಲ ಗಂಡೇ ಆಗಬೇಕು! ಇದನ್ನು ನಂಬಬಹುದೇ? ಇನ್ನೊಂದು ಟ್ಯಾಂಕಿನಲ್ಲಿ ಏಂಜಲ್ ಎಂಬ ಬೇರೆ ಬಗೆಯ ಸಿಕ್ಲಿಡ್ ಮರಿಗಳೂ ಇವೆ. ಅವುಗಳ ಬಗ್ಗೆ ಗೊತ್ತಿದ್ದವರೂ ತಿಳಿಸಿ.

ಮರಳುತಳ:

ನಂಬಬೇಡಿ. ಲ್ಯಾಬ್‌ಗಳ ಮಟ್ಟಿಗಂತೂ ಚುಕ್ಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಗಂಡಿಗೂ ಇರುತ್ತದೆ, ಹೆಣ್ಣಿಗೂ ಇರುತ್ತದೆ. ಈ ಗಾತ್ರದಲ್ಲಿ ಲ್ಯಾಬ್ ನೋಡಿ ಗಂಡು ಹೆಣ್ಣು ಹೇಳುತ್ತೇನೆ ಎನ್ನುವವರು ಊಹೆ ಮಾಡುತ್ತಿದ್ದಾರೆ ಎಂದೇ ತಿಳಿಯಿರಿ.

ಚುಕ್ಕೆಪ್ರಿಯ:

ಅಷ್ಟು ಕಡ್ಡಿ ಮುರಿದಂತೆ ಹೇಳುವುದು ಸರಿಯಲ್ಲ. ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು ಎಂಬ ಸೂತ್ರ ತಪ್ಪು, ಒಪ್ಪುತ್ತೇನೆ. ನೋಡಬೇಕಾದದ್ದು ಚುಕ್ಕೆ ಹೇಗಿದೆ ಎಂಬುದನ್ನು. ಗಂಡಿನ ಚುಕ್ಕೆ ದುಂಡಗೆ, ತುಂಬಿದ ಹಳದಿ ಅಥವಾ ಕಿತ್ತಳೆ ಬಣ್ಣದಲ್ಲಿ, ಸುತ್ತ ತೆಳುವಾದ ಅಂಚಿನೊಂದಿಗೆ ಇರುತ್ತದೆ. ಹೆಣ್ಣಿನದು ಮಸುಕಾಗಿ, ನೀರಿಗೆ ಬಿದ್ದ ಶಾಯಿಯ ಹನಿಯಂತೆ ಹರಡಿಕೊಂಡಿರುತ್ತದೆ. ಹಲವು ತಳಿಗಳನ್ನು ಸಾಕಿದ್ದೇನೆ, ಈ ಗುರುತು ನನಗೆ ಸಾಕಷ್ಟು ಸಲ ಕೈಹಿಡಿದಿದೆ.

ಮರಳುತಳ:

ಚುಕ್ಕೆಪ್ರಿಯ ಅವರೇ, ನನ್ನ ಟ್ಯಾಂಕಿನಲ್ಲಿ ಈಗ ಬಾಯಿ ತುಂಬ ಮೊಟ್ಟೆ ಹಿಡಿದಿರುವ ಒಂದು ಲ್ಯಾಬ್ ಇದೆ. ದವಡೆಯ ಕೆಳಗೆ ಚೀಲ ಉಬ್ಬಿದೆ, ಬಾಯಿ ಪೂರ್ತಿ ಮುಚ್ಚುವುದಿಲ್ಲ, ಆಗಾಗ ಏನನ್ನೋ ಅಗಿಯುವಂತೆ ದವಡೆ ಆಡಿಸಿ ಒಳಗಿನ ಮೊಟ್ಟೆಗಳನ್ನು ಹೊರಳಿಸುತ್ತದೆ. ಆಹಾರ ಹಾಕಿದರೆ ಹತ್ತಿರ ಬಂದು ನೋಡಿ ಹಿಂದೆ ಸರಿಯುತ್ತದೆ. ಈ ಮೀನುಗಳಲ್ಲಿ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುವುದು ಹೆಣ್ಣು, ಹಾಗಾಗಿ ಇದಕ್ಕಿಂತ ಖಚಿತವಾದ ಹೆಣ್ಣು ಇರಲಾರದು. ಅದರ ಗುದದ ರೆಕ್ಕೆಯ ಮೇಲೆ ದುಂಡಾದ, ಅಂಚು ಸ್ಪಷ್ಟವಾಗಿರುವ ಚುಕ್ಕೆಗಳಿವೆ. ಅದೇ ಟ್ಯಾಂಕಿನ ಯಜಮಾನ ಗಂಡಿನ ಚುಕ್ಕೆಗಳು ಇದಕ್ಕಿಂತ ಮಂಕು.

ಚುಕ್ಕೆ ಏಕೆ ಬಂತು ಎಂಬುದಕ್ಕೆ ಹಳೆಯ ವಿವರಣೆ ಎಲ್ಲರಿಗೂ ಗೊತ್ತಿರಬಹುದು. ಹೆಣ್ಣು ಮೊಟ್ಟೆ ಇಟ್ಟ ಕೂಡಲೇ ಬಾಯಿಗೆ ಎತ್ತಿಕೊಳ್ಳುತ್ತದೆ. ಗಂಡು ರೆಕ್ಕೆ ಅಗಲಿಸಿ ಅದರ ಮುಂದೆ ನಡುಗಿಸುತ್ತದೆ. ಹೆಣ್ಣು ಆ ಚುಕ್ಕೆಗಳ ಬಳಿ ಬಾಯಿ ಹಾಕಿದಾಗ ಗಂಡಿನ ವೀರ್ಯ ಬಾಯಿಯೊಳಗೆ ಸೇರಿ ಮೊಟ್ಟೆಗಳು ಫಲಿತವಾಗುತ್ತವೆ. ಇದರಿಂದ ಚುಕ್ಕೆ ಗಂಡಿನ ಆಸ್ತಿ ಎಂಬ ನಂಬಿಕೆ ಬೇರೂರಿತು. ಆದರೆ ಆಫ್ರಿಕದ ಕೆರೆಗಳ ಈ ಗುಂಪಿನ ಎಷ್ಟೋ ಜಾತಿಗಳಲ್ಲಿ ಹೆಣ್ಣುಗಳ ಮೈಮೇಲೂ ಅದು ಮೂಡುತ್ತದೆ.

ಚುಕ್ಕೆಪ್ರಿಯ:

ಒಂದು ಹೆಣ್ಣು ಹಾಗಿದೆ ಎಂದರೆ ಗುರುತೇ ಸುಳ್ಳಾಗುವುದಿಲ್ಲ. ಒಂದೇ ತಾಯಿಯ, ಒಂದೇ ವಯಸ್ಸಿನ ಮರಿಗಳನ್ನು ಸಾಲಾಗಿ ನೋಡಿ. ಎಲ್ಲಕ್ಕಿಂತ ಚುರುಕಾದ ಚುಕ್ಕೆ ಇರುವವು ಹೆಚ್ಚಾಗಿ ಗಂಡಾಗುತ್ತವೆ. ಹೆಚ್ಚಾಗಿ ಎಂದೆ, ಯಾವಾಗಲೂ ಎಂದಿಲ್ಲ.

ಮರಳುತಳ:

ಹೆಚ್ಚಾಗಿ ಎನ್ನುವುದಾದರೆ ಜಗಳವಿಲ್ಲ. ಆದರೆ ಅದರ ಆಧಾರದ ಮೇಲೆ ಮರಿಗಳನ್ನು ಬೇರೆಯವರಿಗೆ ಕೊಟ್ಟು, ಹೆಣ್ಣು ಎಂದುಕೊಂಡವನ್ನು ಮಾತ್ರ ಉಳಿಸಿಕೊಳ್ಳಲು ಹೊರಟರೆ ತೊಂದರೆ.

ಲ್ಯಾಬ್‌ಗಳಲ್ಲಿ ಇನ್ನೊಂದು ಗುರುತು ಹೇಳುತ್ತಾರೆ: ಬೆನ್ನಿನ ರೆಕ್ಕೆಯ ಕಪ್ಪು ಪಟ್ಟಿ ಎರಡಕ್ಕೂ ಇದ್ದರೂ ಹೊಟ್ಟೆಯ ರೆಕ್ಕೆ ಮತ್ತು ಗುದದ ರೆಕ್ಕೆಯ ಕಪ್ಪು ಗಂಡಿನಲ್ಲಿ ಗಾಢ. ಬೆಳೆದ ಮೀನಿನಲ್ಲಿ ಇದು ಚುಕ್ಕೆಗಿಂತ ಮೇಲು. ಆದರೂ ಗುಂಪಿನ ಮೇಲೆ ದರ್ಪ ನಡೆಸುವ ಹೆಣ್ಣು ತನ್ನ ರೆಕ್ಕೆಗಳನ್ನು ಗಂಡಿನಷ್ಟೇ ಕಪ್ಪಾಗಿಸಿಕೊಳ್ಳುತ್ತದೆ, ಹೆದರಿದ ಗಂಡು ಬೆಳ್ಳಗಾಗುತ್ತದೆ. ಕೊನೆಗೆ ಸ್ಥಾನಮಾನವನ್ನು ಓದುತ್ತೇವೆಯೇ ಹೊರತು ಲಿಂಗವನ್ನಲ್ಲ.

ನೀರುಕೋಳಿ:

ಮರಳುತಳ ಅವರು ಕೊನೆಯ ಸಾಲಿನಲ್ಲಿ ಹೇಳಿದ್ದೇ ಪೀಕಾಕ್‌ಗಳ ಇಡೀ ಕಥೆ.

ಗಾಜಿನಮನೆ ಅವರೇ, ಪೀಕಾಕ್ ಎಂದರೆ ಆಲನೊಕಾರ ಕುಲದ ಮೀನುಗಳು, ಮಲಾವಿ ಸರೋವರದವು. ಅವುಗಳ ಮರಿಗಳೆಲ್ಲ ಬೂದು ಅಥವಾ ಕಂದು, ಹೆಣ್ಣು ಜೀವನಪೂರ್ತಿ ಹಾಗೆಯೇ ಇರುತ್ತದೆ. ಗಂಡು ಬಣ್ಣ ತಾಳುವುದು ಸಾಮಾನ್ಯವಾಗಿ 5–6 ಸೆಂಟಿಮೀಟರ್ ದಾಟಿದ ಮೇಲೆ. ಮೊದಲು ಮುಖ ಮತ್ತು ಕಿವಿರಿನ ಮುಚ್ಚಳದ ಮೇಲೆ ನೀಲಿ, ಜೊತೆಗೆ ಬೆನ್ನಿನ ರೆಕ್ಕೆಯ ಅಂಚಿನಲ್ಲಿ ಬಿಳಿ ಅಥವಾ ತಿಳಿನೀಲಿ ಗೆರೆ. ಮೈಯೆಲ್ಲ ತುಂಬಲು ಇನ್ನೂ ತಿಂಗಳುಗಳು ಬೇಕು. ನಿಮ್ಮ ಕೆನ್ನೆ ನೀಲಿಯ ಮರಿ ಬಹುತೇಕ ಗಂಡೇ. ಬಣ್ಣ ಬಂದು ಹೋಗುತ್ತಿರುವುದು ಸಹಜ. ಅದು ಯಾರನ್ನೋ ಓಡಿಸಿದ ಕೂಡಲೇ ಗಮನಿಸಿ, ನೀಲಿ ಏರಿರುತ್ತದೆ. ಯಾರಾದರೂ ಅದನ್ನು ಓಡಿಸಿದರೆ ಇಳಿದಿರುತ್ತದೆ.

ಆದರೆ ಉಳಿದ ಬೂದು ಮರಿಗಳೆಲ್ಲ ಹೆಣ್ಣು ಎಂದು ತೀರ್ಮಾನಿಸಬೇಡಿ. ಎಲ್ಲರೂ ಎಡವುವುದು ಇಲ್ಲಿಯೇ. ಒಂದು ಗಂಡು ಮೊದಲು ಬಣ್ಣ ತಾಳಿ ಟ್ಯಾಂಕನ್ನು ತನ್ನದಾಗಿಸಿಕೊಂಡರೆ ಉಳಿದ ಗಂಡುಗಳು ಬಣ್ಣ ತೋರಿಸುವ ಧೈರ್ಯ ಮಾಡುವುದಿಲ್ಲ. ಬೂದಾಗಿದ್ದರೆ ಏಟು ಕಡಿಮೆ. ಹೆಣ್ಣುಗಳ ನಡುವೆ ಹೆಣ್ಣಿನಂತೆಯೇ ತಿರುಗಾಡಿಕೊಂಡಿರುತ್ತವೆ. ಯಜಮಾನನನ್ನು ಹೊರಗೆ ತೆಗೆದ ಮೇಲೆ ಎರಡನೆಯದು ಬಣ್ಣ ಏರಿಸಲು ಶುರುಮಾಡುತ್ತದೆ.

ಇದು ಕೇವಲ ಹವ್ಯಾಸಿಗಳ ಮಾತಲ್ಲ. ಟಾಂಗನೀಕಾ ಸರೋವರದ ಸುತ್ತಮುತ್ತಲ ನೀರಿನಲ್ಲಿರುವ ಆಸ್ಟಟೊಟಿಲಾಪಿಯಾ ಬರ್ಟನಿ ಎಂಬ ಸಿಕ್ಲಿಡ್ ಮೇಲೆ ದಶಕಗಳಿಂದ ಪ್ರಯೋಗಾಲಯಗಳಲ್ಲಿ ಅಧ್ಯಯನ ನಡೆದಿದೆ. ಅದರ ಅಧೀನ ಗಂಡು ಹೆಣ್ಣಿನಂತೆ ಮಂಕಾಗಿರುತ್ತದೆ. ಮೇಲಿನವನ ಜಾಗ ಖಾಲಿಯಾದರೆ ಕೆಲವೇ ನಿಮಿಷಗಳಲ್ಲಿ ಮೈ ಬಣ್ಣ ಹೊಳೆಯಿಸಿ, ಕಣ್ಣಿನ ಕೆಳಗಿನ ಕಪ್ಪು ಪಟ್ಟಿ ತೋರಿಸಿ ಯಜಮಾನಿಕೆಗೆ ಇಳಿಯುತ್ತದೆ. ಹಿಂದೆಯೇ ಅದರ ವೃಷಣವೂ ದೊಡ್ಡದಾಗುತ್ತದೆ. ಅಂದರೆ ಬಣ್ಣ ಎಂಬುದು ಹೊರಗಿನ ಅಲಂಕಾರ ಮಾತ್ರವಲ್ಲ, ಮೀನಿನ ಒಳಗೆ ನಡೆಯುತ್ತಿರುವುದರ ಸೂಚನೆಯೂ ಹೌದು.

ಗಾಜಿನಮನೆ:

ಓದಿ ಬೆರಗಾಯಿತು. ಹಾಗಾದರೆ 4 ಸೆಂಟಿಮೀಟರಿನಲ್ಲೇ ಪೂರ್ತಿ ಬಣ್ಣ ಬಂದಿರುವ ಪೀಕಾಕ್ ಮರಿಗಳೂ ಮಾರಾಟಕ್ಕೆ ಇರುತ್ತವಲ್ಲ, ಅವು ಹೇಗೆ? ಅವನ್ನೇ ತಂದರೆ ಗಂಡು ಎಂದು ಖಾತರಿಯಾಯಿತಲ್ಲವೇ?

ನೀರುಕೋಳಿ:

ಅಂತಹವನ್ನು ಕಂಡರೆ ದೂರವಿರಿ. ಅಷ್ಟು ಚಿಕ್ಕದರಲ್ಲಿ, ಒಂದೇ ಟ್ಯಾಂಕಿನಲ್ಲಿ, ಎಲ್ಲ ಮರಿಗಳೂ ಸಮನಾಗಿ ಹೊಳೆಯುತ್ತಿದ್ದರೆ ಆಹಾರದಲ್ಲೋ ನೀರಿನಲ್ಲೋ ಗಂಡು ಹಾರ್ಮೋನ್ ಸೇರಿಸಿರುವ ಸಾಧ್ಯತೆ ಇದೆ. ಹಾರ್ಮೋನ್ ಕೊಟ್ಟರೆ ಹೆಣ್ಣು ಮರಿಯೂ ಬಣ್ಣ ತಾಳುತ್ತದೆ. ಮನೆಗೆ ತಂದ ಮೇಲೆ ಕೆಲವು ವಾರಗಳಲ್ಲಿ ಬಣ್ಣ ಇಳಿಯುತ್ತದೆ, ಆಗ ನಿಜ ಗೊತ್ತಾಗುತ್ತದೆ. ಖಾತರಿ ಎಂದುಕೊಂಡಲ್ಲೇ ಖಾತರಿ ಇಲ್ಲ.

ಟಿಲಾಪಿಯಾ ಕೂಡ ಸಿಕ್ಲಿಡ್ ಕುಟುಂಬದ್ದೇ. ಗಂಡು ಬೇಗ ಬೆಳೆಯುತ್ತದೆ, ಎಲ್ಲವೂ ಗಂಡಾದರೆ ಕೊಳದಲ್ಲಿ ಮರಿಗಳು ತುಂಬಿಕೊಳ್ಳುವುದಿಲ್ಲ ಎಂದು ಸಾಕಣೆಯಲ್ಲಿ ಮರಿಗಳಿಗೆ ಮೊದಲ ಕೆಲವು ವಾರ ಮೀಥೈಲ್ ಟೆಸ್ಟೊಸ್ಟೆರಾನ್ ಬೆರೆಸಿದ ಆಹಾರ ಕೊಡುವ ಪದ್ಧತಿ ಇದೆ. ಅಲ್ಲಿ ಹುಟ್ಟಿನಿಂದ ಹೆಣ್ಣಾಗಬೇಕಾದವೂ ಗಂಡಾಗಿ ಬೆಳೆಯುತ್ತವೆ. ಅಲಂಕಾರದ ಮೀನಿನಲ್ಲಿ ನಡೆಯುವುದು ಹೆಚ್ಚಾಗಿ ಬಣ್ಣದ ಮೋಸ ಮಾತ್ರ.

ಹಸಿಬಟ್ಟೆ:

ಇಷ್ಟೆಲ್ಲ ಊಹೆ ಏಕೆ? ಮೀನನ್ನು ಮಗುಚಿ ನೋಡಿದರೆ ಆಯಿತು. ಲ್ಯಾಬ್‌ನಂತಹ ಎರಡೂ ಒಂದೇ ಬಣ್ಣದ ಎಂಬೂನಾಗಳಲ್ಲಿ (ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ ಸಿಕ್ಲಿಡ್‌ಗಳು), ಮೊಟ್ಟೆ ಹಿಡಿಯುವವರೆಗೆ ಕಾಯಲು ತಾಳ್ಮೆ ಇಲ್ಲದವರಿಗೆ ವೆಂಟಿಂಗ್, ಅಂದರೆ ಹೊಟ್ಟೆಯ ಕೆಳಗಿನ ರಂಧ್ರಗಳನ್ನು ನೋಡುವುದು, ಒಂದೇ ದಾರಿ.

ಗಾಜಿನಮನೆ:

ಹಸಿಬಟ್ಟೆ ಅವರೇ, ಅದನ್ನು ಹೇಗೆ ಮಾಡುವುದು? ಮೀನಿಗೆ ಏನೂ ಆಗುವುದಿಲ್ಲವೇ?

ಹಸಿಬಟ್ಟೆ:

ಸರಿಯಾಗಿ ಮಾಡಿದರೆ ಏನೂ ಆಗದು. ಆಹಾರ ಹಾಕುವ ಮುಂಚೆ ಮಾಡಿ, ಹೊಟ್ಟೆ ಬಿಗಿದಿರಬಾರದು. ಟ್ಯಾಂಕಿನದೇ ನೀರು ತುಂಬಿದ ಬಕೆಟ್ ಪಕ್ಕದಲ್ಲಿಟ್ಟುಕೊಳ್ಳಿ. ಕೈ ಚೆನ್ನಾಗಿ ತೊಳೆದು, ಸೋಪಿನ ಅಂಶ ಒಂದಿಷ್ಟೂ ಉಳಿಯದಂತೆ ನೋಡಿಕೊಂಡು, ಟ್ಯಾಂಕಿನ ನೀರಿನಲ್ಲೇ ಒದ್ದೆ ಮಾಡಿಕೊಳ್ಳಿ. ಒಣಗಿದ ಕೈ ತಗುಲಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆಮೇಲೆ ಅಲ್ಲಿ ಬೂಸ್ಟು ಹಿಡಿಯುತ್ತದೆ. ನನ್ನ ಹೆಸರಿನಂತೆಯೇ ಒಂದು ಹಸಿ ಬಟ್ಟೆ ಇರಲಿ. ಅದನ್ನು ಕಣ್ಣಿನ ಮೇಲೆ ಬರುವಂತೆ ತಲೆಗೆ ಸುತ್ತಿದರೆ ಮೀನು ಒದ್ದಾಡುವುದು ನಿಲ್ಲುತ್ತದೆ. ಬೆನ್ನಿನ ಮುಳ್ಳು ಅಂಗೈಗೆ ಚುಚ್ಚುತ್ತದೆ, ರೆಕ್ಕೆ ಹಿಂದಕ್ಕೆ ಮಡಚಿಕೊಳ್ಳುವ ಹಾಗೆ ತಲೆಯ ಕಡೆಯಿಂದ ಹಿಡಿಯಿರಿ.

ಹೊಟ್ಟೆ ಮೇಲಾಗಿ ತಿರುಗಿಸಿ, ಒಳ್ಳೆಯ ಬೆಳಕಿನಲ್ಲಿ ಹೊಟ್ಟೆಯ ರೆಕ್ಕೆಗಳಿಗೂ ಗುದದ ರೆಕ್ಕೆಗೂ ನಡುವಿನ ಜಾಗ ನೋಡಿ. ಒಂದರ ಹಿಂದೆ ಒಂದು, ಎರಡು ರಂಧ್ರಗಳಿವೆ. ತಲೆಯ ಕಡೆಗಿರುವುದು ಗುದದ್ವಾರ, ಬಾಲದ ಕಡೆಗಿರುವುದು ಜನನೇಂದ್ರಿಯದ ರಂಧ್ರ. ಗಂಡಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಅಳತೆ, ಚಿಕ್ಕ ದುಂಡು ಚುಕ್ಕಿಗಳಂತೆ. ಹೆಣ್ಣಿನಲ್ಲಿ ಹಿಂದಿನ ರಂಧ್ರ ಮುಂದಿನದಕ್ಕಿಂತ ಸ್ಪಷ್ಟವಾಗಿ ದೊಡ್ಡದು, ಅಡ್ಡಕ್ಕೆ ಅಗಲ. ಮೊಟ್ಟೆ ಹೊರಬರಬೇಕಲ್ಲ! ಮೊಟ್ಟೆ ಇಟ್ಟು ಸ್ವಲ್ಪ ದಿನವಾಗಿರುವ ಹೆಣ್ಣಿನಲ್ಲಿ ಕೆಂಪೇರಿ ಇನ್ನೂ ಎದ್ದು ಕಾಣುತ್ತದೆ.

ಹಿಡಿದು ಲೆಕ್ಕಾಚಾರ ಮಾಡುತ್ತ ನಿಲ್ಲಬೇಡಿ. ಇನ್ನೊಬ್ಬರ ಕೈಯಲ್ಲಿ ಮೊಬೈಲ್ ಕೊಟ್ಟು, ಹತ್ತಿರದಿಂದ ಒಂದೆರಡು ಚಿತ್ರ ತೆಗೆಸಿ, ಮೀನನ್ನು ಕೂಡಲೇ ನೀರಿಗೆ ಬಿಡಿ. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ಆರಾಮವಾಗಿ ನೋಡಿ. ಇನ್ನೊಂದು ಮಾತು: ಒಂದನ್ನೇ ನೋಡಿದರೆ ದೊಡ್ಡದೋ ಚಿಕ್ಕದೋ ಎಂಬ ಗೊಂದಲ ಮುಗಿಯುವುದಿಲ್ಲ. ಒಂದೇ ಗಾತ್ರದ ಐದಾರು ಮೀನುಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನೇ ಮಾತನಾಡುತ್ತದೆ.

ನಿಮ್ಮ ಮರಿಗಳು 4–5 ಸೆಂಟಿಮೀಟರ್ ಎಂದಿರಿ. ಈಗಲೇ ಬೇಡ. ಆ ಗಾತ್ರದಲ್ಲಿ ಎಲ್ಲ ಮರಿಗಳೂ ಗಂಡಿನಂತೆ ಕಾಣುತ್ತವೆ, ಏಕೆಂದರೆ ಹೆಣ್ಣಿನ ರಂಧ್ರ ಇನ್ನೂ ಅಗಲವಾಗಿರುವುದಿಲ್ಲ. 7 ಸೆಂಟಿಮೀಟರ್ ಆಸುಪಾಸಿಗೆ ಬರಲಿ.

ಚುಕ್ಕೆಪ್ರಿಯ:

ಮೀನನ್ನು ನೀರಿನಿಂದ ಎತ್ತಿ ಮಗುಚುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಗಂಡು ಹೆಣ್ಣು ತಿಳಿಯುವ ಆತುರ ನಮ್ಮದು, ಕಷ್ಟ ಅದಕ್ಕೆ. ಚಪ್ಪಟೆ ತಳದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನೊಂದಿಗೇ ಹಿಡಿದು, ಮೇಲೆತ್ತಿ ಕೆಳಗಿನಿಂದ ಚಿತ್ರ ತೆಗೆಯಿರಿ. ಸ್ಪಷ್ಟತೆ ಸ್ವಲ್ಪ ಕಡಿಮೆ, ಆದರೆ ಮೀನು ಉಸಿರಾಡುತ್ತಿರುತ್ತದೆ.

ಹಸಿಬಟ್ಟೆ:

ಇದು ಒಳ್ಳೆಯ ಉಪಾಯವೇ. ದೊಡ್ಡ ಮೀನಿಗೆ ಚೆನ್ನಾಗಿ ನಡೆಯುತ್ತದೆ. ಬಾಯಲ್ಲಿ ಮೊಟ್ಟೆ ಇರಬಹುದೆಂಬ ಅನುಮಾನವಿರುವ ಮೀನನ್ನಂತೂ ಮಗುಚಲೇಬಾರದು, ಗಾಬರಿಗೆ ಎಲ್ಲವನ್ನೂ ಉಗುಳಿಬಿಡುತ್ತದೆ.

ರೆಕ್ಕೆಬಾಲ:

ಏಂಜಲ್ ಬಗ್ಗೆ ಯಾರೂ ಮಾತನಾಡಿಲ್ಲ, ಹಾಗಾಗಿ ನಾನು.

ಏಂಜಲ್ ಮರಿಗಳಲ್ಲಿ ಲಿಂಗ ಹೇಳಲು ಯಾವ ಗುರುತೂ ಇಲ್ಲ. ಗಂಡಿನ ಹಣೆ ಉಬ್ಬಿರುತ್ತದೆ, ಹೆಣ್ಣಿನ ಹೊಟ್ಟೆ ದುಂಡಗಿರುತ್ತದೆ, ಗಂಡಿನ ರೆಕ್ಕೆ ಉದ್ದ ಎನ್ನುವುದೆಲ್ಲ ಬೆಳೆದ ಮೇಲೂ ಪೂರ್ತಿ ನಂಬುವಂಥದ್ದಲ್ಲ. ಚೆನ್ನಾಗಿ ತಿಂದ ಗಂಡಿನ ಹೊಟ್ಟೆಯೂ ದುಂಡಗೇ ಇರುತ್ತದೆ. ನಂಬಬಹುದಾದ ಒಂದೇ ಗುರುತು ಮೊಟ್ಟೆ ಇಡುವ ಹೊತ್ತಿನಲ್ಲಿ ಹೊಟ್ಟೆಯ ಕೆಳಗೆ ಹೊರಬರುವ ಚಿಕ್ಕ ಕೊಳವೆ. ಹೆಣ್ಣಿನದು ದಪ್ಪ, ತುದಿ ಮೊಂಡು. ಗಂಡಿನದು ಸಣ್ಣ, ತುದಿ ಚೂಪು. ಮೊಟ್ಟೆ ಇಡುವ ಮುಂಚೆ ಕೆಲವು ದಿನ, ಆಮೇಲೆ ಕೆಲವು ದಿನ ಕಾಣುತ್ತದೆ, ಮತ್ತೆ ಒಳಗೆ ಹೋಗುತ್ತದೆ.

ಜೋಡಿ ಕಟ್ಟಿಕೊಂಡು ಎಲೆ ಸ್ವಚ್ಛ ಮಾಡುತ್ತಿವೆ, ಹಾಗಾಗಿ ಒಂದು ಗಂಡು ಒಂದು ಹೆಣ್ಣು ಎಂದೂ ಹೇಳಲಾಗದು. ಗಂಡು ಸಿಗದಿದ್ದರೆ ಎರಡು ಹೆಣ್ಣುಗಳೇ ಜೋಡಿಯಾಗಿ, ಎರಡೂ ಮೊಟ್ಟೆ ಇಟ್ಟು, ಎರಡೂ ರೆಕ್ಕೆ ಬೀಸುತ್ತ ಕಾವಲು ಕೂರುತ್ತವೆ. ಒಂದೆರಡು ದಿನದಲ್ಲಿ ಮೊಟ್ಟೆಗಳೆಲ್ಲ ಬಿಳಿಯಾದಾಗ ಅನುಮಾನ ಬರುತ್ತದೆ. ಡಿಸ್ಕಸ್ ಸಾಕುವವರಿಗೂ ಇದೇ ತಲೆನೋವು.

ಆದ್ದರಿಂದ ಏಂಜಲ್, ಡಿಸ್ಕಸ್, ಆಸ್ಕರ್‌ಗಳಲ್ಲಿ ಮರಿಯ ಲಿಂಗ ಹುಡುಕುವ ಬದಲು ಸಂಖ್ಯೆಯ ಮೇಲೆ ಭಾರ ಹಾಕುವುದು ಜಾಣತನ. ಗಂಡು ಹೆಣ್ಣು ಸಮಸಮ ಹುಟ್ಟುತ್ತವೆ ಎಂದುಕೊಳ್ಳಿ. ಎರಡು ಮರಿ ತಂದರೆ ಎರಡೂ ಒಂದೇ ಲಿಂಗದ್ದಾಗುವ ಸಾಧ್ಯತೆ ಅರ್ಧ. ನಾಲ್ಕು ತಂದರೆ 8ರಲ್ಲಿ 1. ಆರು ತಂದರೆ 32ರಲ್ಲಿ 1. ಆರರ ಮೇಲೆ ಹೋದರೆ ಲಾಭ ಹೆಚ್ಚೇನಿಲ್ಲ, ಜಾಗ ಸಾಲುವುದಿಲ್ಲ. ಆರನ್ನು ಒಟ್ಟಿಗೆ ಬೆಳೆಸಿ, ಜೋಡಿ ತಾನೇ ಕಟ್ಟಿಕೊಂಡ ಮೇಲೆ ಉಳಿದವನ್ನು ಬೇರೆ ಮಾಡಿ. ಆಸ್ಕರ್ ಆದರೆ ಮೊದಲು ಟ್ಯಾಂಕಿನ ಅಳತೆ ನೋಡಿಕೊಳ್ಳಿ, ಆರು ಆಸ್ಕರ್‌ಗಳೆಂದರೆ ಹುಡುಗಾಟವಲ್ಲ.

ಕಲ್ಲುಗೂಡು:

ಎಲ್ಲ ಸಿಕ್ಲಿಡ್‌ಗಳೂ ಇಷ್ಟು ಸತಾಯಿಸುವುದಿಲ್ಲ ಎಂದು ಹೇಳಲು ಬಂದೆ. ನನ್ನದು ಕಾನ್ವಿಕ್ಟ್. ಕಪ್ಪು ಪಟ್ಟಿಗಳ ಈ ಮೀನಿನ ಮರಿಗಳು 3–4 ಸೆಂಟಿಮೀಟರ್ ಆಗುವಾಗಲೇ ಹೆಣ್ಣಿನ ಹೊಟ್ಟೆಯ ಪಕ್ಕಗಳಲ್ಲಿ ಕಿತ್ತಳೆ ಹೊಳಪು ಕಾಣಿಸುತ್ತದೆ. ಇಲ್ಲಿ ಬಣ್ಣ ಇರುವುದು ಹೆಣ್ಣಿಗೆ, ಗಂಡು ಬೂದು. ಮಲಾವಿ ಮೀನು ಸಾಕಿ ಬಂದವರು ಇದನ್ನು ತಲೆಕೆಳಗಾಗಿ ಓದುತ್ತಾರೆ. ಗಂಡು ದೊಡ್ಡದಾಗಿ ಬೆಳೆಯುತ್ತದೆ, ಬೆನ್ನಿನ ಮತ್ತು ಗುದದ ರೆಕ್ಕೆಗಳ ತುದಿ ಎಳೆದಂತೆ ಉದ್ದವಾಗುತ್ತದೆ.

ಕ್ರಿಬ್ ಎಂಬ ಚಿಕ್ಕ ಸಿಕ್ಲಿಡ್ ಕೂಡ ಹೀಗೆಯೇ. ಹೆಣ್ಣಿನ ಹೊಟ್ಟೆ ಚೆರ್ರಿ ಕೆಂಪು, ಮೈ ಗಿಡ್ಡ. ಗಂಡಿನ ಮೈ ನೀಳ, ರೆಕ್ಕೆಗಳ ತುದಿ ಚೂಪು. ಗಂಡಿನ ಹೊಟ್ಟೆಯಲ್ಲೂ ಸ್ವಲ್ಪ ಕೆಂಪು ಇರುತ್ತದೆ, ಹಾಗಾಗಿ ಮರಿಗಳಲ್ಲಿ ಬಣ್ಣಕ್ಕಿಂತ ರೆಕ್ಕೆಯ ತುದಿಯನ್ನು ಹೆಚ್ಚು ನೋಡಿ. ನೀಲಿ ರಾಮಿರೆಜಿಯಲ್ಲಿ ಮೈ ನಡುವಿನ ಕಪ್ಪು ಮಚ್ಚೆಯೊಳಗೆ ನೀಲಿ ಮಿನುಗು ಚೆಲ್ಲಿದ್ದರೆ ಹೆಣ್ಣು, ಮಚ್ಚೆ ಬರಿಯ ಕಪ್ಪಾಗಿದ್ದರೆ ಗಂಡು ಎನ್ನುತ್ತಾರೆ. ಹೆಣ್ಣಿನ ಹೊಟ್ಟೆ ಗುಲಾಬಿ. ಆದರೆ ಆರಿಸಿ ಆರಿಸಿ ಬೆಳೆಸಿದ ತಳಿಗಳಲ್ಲಿ ಮಿನುಗು ಎಲ್ಲೆಂದರಲ್ಲಿ ಹರಡಿಕೊಂಡು ಈ ಗುರುತು ಕೆಟ್ಟುಹೋಗಿದೆ. ಪೂರ್ತಿ ನೀಲಿಯಾದ ತಳಿಯಲ್ಲಿ ನೋಡಲು ಮಚ್ಚೆಯೇ ಇರುವುದಿಲ್ಲ. ಜ್ಯಾಕ್ ಡೆಂಪ್ಸಿಯಲ್ಲಿ ಕಿವಿರು ಮುಚ್ಚಳದ ಕೆಳಭಾಗದಲ್ಲಿ ನೀಲಿ ಹೆಚ್ಚು ತುಂಬಿದ್ದರೆ ಹೆಣ್ಣು. ಫ್ಲವರ್‌ಹಾರ್ನ್ ಬಗ್ಗೆ ಕೇಳಬೇಡಿ, ಅದು ಮಿಶ್ರತಳಿ. ಬೆನ್ನಿನ ರೆಕ್ಕೆಯ ಕಪ್ಪು ಮಚ್ಚೆ ಹೆಣ್ಣಿನ ಗುರುತು ಎಂಬುದು ಕೆಲವೊಮ್ಮೆ ನಿಜ, ತಲೆಯ ಗುಬುಟು ಗಂಡಿನ ಗುರುತು ಎಂಬುದು ಅದಕ್ಕಿಂತ ಕಡಿಮೆ ನಿಜ.

ಮರಳುತಳ:

ಮಲಾವಿಯಲ್ಲೂ ಸುಲಭದವು ಇವೆ, ಸ್ವಲ್ಪ ಕಾಯಬೇಕು ಅಷ್ಟೆ. ಕೆನ್ಯಿ ಮರಿಗಳೆಲ್ಲ ನೀಲಿ, ಬೆಳೆಯುತ್ತ ಗಂಡು ಹಳದಿಯಾಗುತ್ತದೆ, ಹೆಣ್ಣು ನೀಲಿಯಾಗಿಯೇ ಉಳಿಯುತ್ತದೆ. ಸೌಲೋಸಿಯಲ್ಲಿ ಉಲ್ಟಾ: ಮರಿಗಳೆಲ್ಲ ಹಳದಿ, ಗಂಡು ಕಪ್ಪು ಪಟ್ಟಿಗಳ ನೀಲಿಗೆ ತಿರುಗುತ್ತದೆ. ಎರಡನ್ನೂ ಒಂದೇ ಟ್ಯಾಂಕಿನಲ್ಲಿ ನೋಡಿದ ಅತಿಥಿಗಳು ತಲೆ ಕೆರೆದುಕೊಳ್ಳುತ್ತಾರೆ. ಇಲ್ಲೂ ನೀರುಕೋಳಿ ಅವರು ಹೇಳಿದ ನಿಯಮ ಬಿಡುವುದಿಲ್ಲ, ಹೆದರಿದ ಸೌಲೋಸಿ ಗಂಡು ಬಹಳ ಕಾಲ ಹಳದಿಯಾಗಿಯೇ ಇರುತ್ತದೆ.

ಬಣ್ಣದಿಂದ ಮರಿಯಲ್ಲೇ ಹೆಣ್ಣು ಎನ್ನಬಹುದಾದ ಒಂದು ಸಂದರ್ಭ ಇದೆ. ಮಲಾವಿ ಎಂಬೂನಾಗಳ ಕೆಲವು ಜಾತಿಗಳಲ್ಲಿ ಕಿತ್ತಳೆ ಮೈಮೇಲೆ ಕಪ್ಪು ಕಲೆ ಚೆಲ್ಲಿದಂತಹ ಒಂದು ರೂಪ ಇದೆ, ಓಬಿ ಎಂದು ಕರೆಯುತ್ತಾರೆ. ಆ ಬಣ್ಣದ ಜೀನ್ ಹೆಣ್ಣು ಲಿಂಗವನ್ನು ನಿರ್ಧರಿಸುವ ಜೀನ್‌ಗೆ ಅಂಟಿಕೊಂಡೇ ಇದೆ. ಹಾಗಾಗಿ ಆ ರೂಪದ ಮೀನುಗಳು ಬಹುಪಾಲು ಹೆಣ್ಣುಗಳೇ. ಗಂಡು ಸಿಗುವುದು ಅಪರೂಪ.

ಗಾಜಿನಮನೆ:

ಓಬಿ ಪೀಕಾಕ್ ಎಂದು ಮಾರುತ್ತಾರಲ್ಲ, ಹಾಗಾದರೆ ಅವೆಲ್ಲ ಹೆಣ್ಣೇ?

ಮರಳುತಳ:

ಅಲ್ಲ, ಅಲ್ಲಿ ಈ ಲೆಕ್ಕ ಹೊಂದುವುದಿಲ್ಲ. ಓಬಿ ಪೀಕಾಕ್ ಸರೋವರದಲ್ಲಿ ಇಲ್ಲ, ಮನುಷ್ಯರು ಕೂಡಿಸಿ ಮಾಡಿದ ಮಿಶ್ರತಳಿ. ಅಲ್ಲಿ ಗಂಡುಗಳೂ ಕಲೆಗಳೊಂದಿಗೇ ಬರುತ್ತವೆ, ಅದರ ಮೇಲೆ ನೀಲಿ ಏರಿಸಿಕೊಳ್ಳುತ್ತವೆ. ಕಲೆ ನೋಡಿ ಹೆಣ್ಣು ಎಂದುಕೊಂಡರೆ ಕೆಟ್ಟಿರಿ.

ಬೂದು ಪೀಕಾಕ್ ಹೆಣ್ಣುಗಳ ಬಗ್ಗೆ ಇನ್ನೊಂದು ಎಚ್ಚರಿಕೆ. ಬೇರೆ ಬೇರೆ ಪೀಕಾಕ್ ಜಾತಿಗಳ ಹೆಣ್ಣುಗಳು ನೋಡಲು ಒಂದೇ. ನಿಮ್ಮಲ್ಲಿ ಎರಡು ಜಾತಿ ಬೆರೆತಿದ್ದರೆ ಮುಂದೆ ಯಾವ ಹೆಣ್ಣು ಯಾವ ಗಂಡಿನದೆಂದು ಹೇಳಲಾಗದು, ಅವೂ ಭೇದ ಮಾಡದೆ ಕೂಡಿ ಬೆರಕೆ ಮರಿಗಳನ್ನು ಮಾಡುತ್ತವೆ.

ಹೊಸಬ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಪೀಕಾಕ್ ಹೆಣ್ಣು ವರ್ಷ ಕಳೆದ ಮೇಲೆ ಗಂಡಾಗಿ ಬದಲಾಯಿತು. ಸಿಕ್ಲಿಡ್‌ಗಳು ಲಿಂಗ ಬದಲಿಸುತ್ತವೆಯೇ?

ನೀರುಕೋಳಿ:

ಅದು ಬಾಯಲ್ಲಿ ಮೊಟ್ಟೆ ಹಿಡಿದಿದ್ದನ್ನು ನೋಡಿದ್ದಿರಾ? ಇಲ್ಲವಾದರೆ ಅದು ಮೊದಲಿನಿಂದಲೂ ಗಂಡೇ. ಕ್ಲೌನ್ ಮೀನಿನಂತೆ ಬೆಳೆದ ಮೇಲೆ ಲಿಂಗ ಬದಲಿಸುವುದು ಪೀಕಾಕ್‌ಗಳ ಪದ್ಧತಿಯಲ್ಲ. ಇಂತಹ ಕಥೆಗಳಲ್ಲಿ ಹೆಚ್ಚಿನವು ತಲೆಮರೆಸಿಕೊಂಡಿದ್ದ ಗಂಡಿನವು. ಟ್ಯಾಂಕಿನ ಹಳೆಯ ಯಜಮಾನ ಸತ್ತಿತೇ, ಅಥವಾ ಬೇರೆಡೆ ಹೋಯಿತೇ ಎಂದು ನೆನಪಿಸಿಕೊಳ್ಳಿ.

ಹೊಸಬ:

ಹೌದು, ಸ್ವಲ್ಪ ಮುಂಚೆ ದೊಡ್ಡ ಗಂಡು ಸತ್ತಿತ್ತು!

ಕಲ್ಲುಗೂಡು:

ಬದಲಾಗುವುದು ಬೆಳೆದ ಮೇಲಲ್ಲ, ಆದರೆ ಮರಿಯಾಗಿರುವಾಗ ಲಿಂಗ ಯಾವ ಕಡೆ ವಾಲಬೇಕೆಂಬುದರಲ್ಲಿ ನೀರಿಗೂ ಪಾತ್ರ ಇದೆ. ಕ್ರಿಬ್ ಮರಿಗಳನ್ನು ಆಮ್ಲೀಯ ನೀರಿನಲ್ಲಿ ಬೆಳೆಸಿದರೆ ಗಂಡುಗಳ ಪಾಲು ಹೆಚ್ಚುತ್ತದೆ. ಆಪಿಸ್ಟೊಗ್ರಾಮಾಗಳಲ್ಲಿ ನೀರು ಬೆಚ್ಚಗಾದಷ್ಟೂ ಗಂಡು ಹೆಚ್ಚು. ಹಾಗಾಗಿ ರೆಕ್ಕೆಬಾಲ ಅವರ 32ರಲ್ಲಿ 1 ಎಂಬ ಲೆಕ್ಕವನ್ನು ಈ ಕುಳ್ಳ ಸಿಕ್ಲಿಡ್‌ಗಳಿಗೆ ಕಣ್ಣುಮುಚ್ಚಿ ಹಾಕಬೇಡಿ. ಒಂದೇ ಸಂಸಾರದ ಆರು ಮರಿ ತಂದು ಆರೂ ಗಂಡಾದರೆ ಅದೃಷ್ಟವನ್ನು ಬಯ್ಯುವ ಮುಂಚೆ ಅವು ಬೆಳೆದ ನೀರು ಎಂಥದ್ದೆಂದು ಕೇಳಿ.

ಆಪಿಸ್ಟೊಗಳಲ್ಲಿ ಇನ್ನೊಂದು ಕುತಂತ್ರ ಇದೆ. ಕಕಟುವಾಯ್ಡಿಸ್‌ನಂತಹವುಗಳಲ್ಲಿ ಕೆಲವು ಗಂಡುಗಳು ಚಿಕ್ಕದಾಗಿ ಉಳಿದು, ಹೆಣ್ಣಿನ ವೇಷದಲ್ಲಿ ಯಜಮಾನನ ಗೂಡಿನ ಬಳಿ ಓಡಾಡಿ, ಮೊಟ್ಟೆ ಇಡುವ ಹೊತ್ತಿಗೆ ನುಸುಳಿ ತಮ್ಮ ಕೆಲಸ ಮುಗಿಸಿಕೊಳ್ಳುತ್ತವೆ. ಯಜಮಾನ ಗಂಡಿಗೇ ಗುರುತು ಸಿಗದಿದ್ದರೆ ನಮಗೆಲ್ಲಿಂದ ಸಿಗಬೇಕು? ನೋಡುವುದಿದ್ದರೆ ಹೊಟ್ಟೆಯ ರೆಕ್ಕೆಯ ಮುಂಭಾಗ ನೋಡಿ. ಹೆಣ್ಣಿನಲ್ಲಿ ಅದು ಕಪ್ಪಾಗಿರುತ್ತದೆ.

ಗಾಜಿನಮನೆ:

ಕೆಲವು ತಿಂಗಳ ನಂತರ ಬರೆಯುತ್ತಿದ್ದೇನೆ. ಎಲ್ಲರ ಸಲಹೆಯಂತೆ ಯಾವುದನ್ನೂ ಕೊಡದೆ ಕಾದೆ.

ಕೆನ್ನೆ ನೀಲಿಯಾಗಿದ್ದ ಪೀಕಾಕ್ ಈಗ ಪೂರ್ತಿ ನೀಲಿ, ಭುಜದ ಬಳಿ ಕಿತ್ತಳೆ ಬಂದಿದೆ. ಲ್ಯಾಬ್‌ಗಳಲ್ಲಿ ಒಂದು ಮೊಟ್ಟೆ ಹಿಡಿದಿದೆ, ಮರಳುತಳ ಅವರು ಬರೆದಂತೆಯೇ ದವಡೆ ಆಡಿಸುತ್ತಿದೆ. ಉಳಿದ ಲ್ಯಾಬ್‌ಗಳನ್ನು ಡಬ್ಬಿಯಲ್ಲಿ ಹಿಡಿದು ಕೆಳಗಿನಿಂದ ಚಿತ್ರ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲಿ ರಂಧ್ರಗಳು ಸಮ, ಉಳಿದವುಗಳಲ್ಲಿ ಹಿಂದಿನದು ದೊಡ್ಡದು. ಸದ್ಯಕ್ಕೆ ಎರಡು ಗಂಡು ಎಂದುಕೊಂಡಿದ್ದೇನೆ.

ಗೊಂದಲ ಇರುವುದು ಒಂದು ಬೂದು ಪೀಕಾಕ್ ಬಗ್ಗೆ. ಬಣ್ಣ ಒಂದಿಷ್ಟೂ ಇಲ್ಲ. ಆದರೆ ಉಳಿದ ಬೂದು ಮೀನುಗಳಿಗಿಂತ ಉದ್ದ, ಬೆನ್ನಿನ ರೆಕ್ಕೆ ಮತ್ತು ಗುದದ ರೆಕ್ಕೆಯ ತುದಿಗಳು ಚೂಪಾಗಿ ಬಾಲದ ಬುಡ ದಾಟುತ್ತವೆ. ನೀಲಿ ಗಂಡು ಉಳಿದ ಬೂದು ಮೀನುಗಳ ಮುಂದೆ ಮೈ ನಡುಗಿಸಿ ಕುಣಿಯುತ್ತದೆ, ಇದನ್ನು ಕಂಡರೆ ಮಾತ್ರ ನೇರವಾಗಿ ಅಟ್ಟಿಸಿಕೊಂಡು ಹೋಗುತ್ತದೆ. ಇದು ಗಂಡೇ?

ಚುಕ್ಕೆಪ್ರಿಯ:

ಗಂಡು. ನಿಮಗಿಂತ ಮುಂಚೆ ನಿಮ್ಮ ನೀಲಿ ಗಂಡು ಅದನ್ನು ಗುರುತಿಸಿದೆ.

ನೀರುಕೋಳಿ:

ನನಗೂ ಹಾಗೆಯೇ ಅನಿಸುತ್ತದೆ. ರೆಕ್ಕೆಯ ತುದಿ, ಮೈಯ ಉದ್ದ, ಯಜಮಾನನ ವರ್ತನೆ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಒಂದೊಂದನ್ನೇ ಹಿಡಿದು ನೋಡಿದರೆ ಯಾವುದೂ ಸಾಕ್ಷಿಯಲ್ಲ, ಯಜಮಾನ ಮೊಟ್ಟೆ ಇಡಲು ಸಿದ್ಧವಾಗದ ಹೆಣ್ಣನ್ನೂ ಅಟ್ಟುತ್ತದೆ.

ಖಚಿತವಾಗಬೇಕಾದರೆ ನೀಲಿ ಗಂಡನ್ನು ಒಂದು ವಾರ ಬೇರೆ ಟ್ಯಾಂಕಿಗೆ ಹಾಕಿ. ಬೂದು ಮೀನಿನ ಕೆನ್ನೆಗೆ ನೀಲಿ ಏರಿದರೆ ಅನುಮಾನ ಮುಗಿಯಿತು. ಆಮೇಲೆ ಎರಡನ್ನೂ ಇಟ್ಟುಕೊಳ್ಳುವ ಆಸೆ ಇದ್ದರೆ ಹೆಣ್ಣುಗಳಿಲ್ಲದ ಬೇರೆ ಟ್ಯಾಂಕಿನಲ್ಲಿ ಗಂಡುಗಳನ್ನೇ ಇಡುವುದನ್ನು ಯೋಚಿಸಿ, ಜಗಳದ ಮುಖ್ಯ ಕಾರಣವೇ ಹೋಗುತ್ತದೆ. ಇದೇ ಟ್ಯಾಂಕಿಗೆ ನೀಲಿಯನ್ನು ಮರಳಿ ತರುವುದಾದರೆ ಇದ್ದ ಜಾಗದಲ್ಲಿ ಇದ್ದಂತೆ ಬಿಡಬೇಡಿ. ಅಷ್ಟರಲ್ಲಿ ಎರಡನೆಯದು ಅದರ ಮೂಲೆಯನ್ನು ತನ್ನದೆಂದುಕೊಂಡಿರುತ್ತದೆ. ಮೊದಲು ಕಲ್ಲುಗಳನ್ನೆಲ್ಲ ಎತ್ತಿ ಬೇರೆ ರೀತಿ ಜೋಡಿಸಿ, ದೀಪ ಆರಿಸಿ, ಆಮೇಲೆ ಬಿಡಿ. ಮೊಟ್ಟೆ ಹಿಡಿದಿರುವ ಲ್ಯಾಬ್ ತನ್ನ ಮರಿಗಳನ್ನು ಬಾಯಿಂದ ಹೊರಬಿಡಲು ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಕಲ್ಲಿಗೆ ಕೈ ಹಾಕದಿರುವುದು ಮೇಲು, ಈ ಪರೀಕ್ಷೆಯನ್ನು ಆಮೇಲೆ ಮಾಡಿ.